ತೊಗರಿ ಒಣಗುತ್ತಿದೆ: ತಳಿ ಬದಲಿಸಬೇಕೋ, ಟ್ರೈಕೋಡರ್ಮಾ ಹಾಕಬೇಕೋ, ಔಷಧಿ ಸುರಿಯಬೇಕೋ, ಜೋಳ ಬಿತ್ತಬೇಕೋ?

ನವೆಂಬರ್ ಕೊನೆಯ ವಾರ. ಪಕ್ಕದ ಹೊಲದ ಕಾಕಾ ಬದುವಿನ ಮೇಲೆ ನಿಂತು ಕೂಗಿದರು. "ತಮ್ಮಾ, ಯಾವ ಎಣ್ಣಿ ಹೊಡೀಬೇಕು ಹೇಳು. ಮೊನ್ನೆ ಹತ್ತು ಗಿಡ ಒಣಗಿದ್ದವು. ಇವತ್ತು ನೋಡಿದ್ರ ಒಂದು ಪಟ್ಟಾನೇ ಹೋಗ್ಯಾದ."

ನಮ್ಮ ಕಡೆ ಎಣ್ಣಿ ಅಂದರೆ ಅಂಗಡಿಯ ಔಷಧಿ. "ಎಣ್ಣಿ ಇರಲಿ ಕಾಕಾ, ಮೊದ್ಲ ಎರಡು ಗಿಡ ಕೀಳ್ರಿ" ಅಂದೆ.

ಮೊದಲ ಗಿಡ ಸುಲಭಕ್ಕೆ ಬರಲಿಲ್ಲ. ಎರಡೂ ಕೈ ಹಾಕಿ ಜಗ್ಗಿದ ಮೇಲೆ ತಾಯಿಬೇರು ಸಮೇತ ಬಂತು. ಬೇರು ನೋಡಿದರೆ ಗಟ್ಟಿಯಾಗಿಯೇ ಇದೆ. ಆದರೆ ಕಾಂಡದ ಒಂದು ಮಗ್ಗುಲಿಗೆ ಬುಡದಿಂದ ಮೇಲಕ್ಕೆ ನೇರಳೆ ಬಣ್ಣದ ಪಟ್ಟಿ ಹತ್ತಿದೆ. ಕುಡುಗೋಲಿನಿಂದ ಉದ್ದಕ್ಕೆ ಸೀಳಿದಾಗ ಒಳಗೆ ಕಪ್ಪು ಗೆರೆ ಕಂಡಿತು.

ಎರಡನೇ ಗಿಡ ಅಲ್ಲಿಂದ ನಾಲ್ಕು ಸಾಲು ಆಚೆ ಇತ್ತು. ಎಳೆದ ತಕ್ಷಣ ಪಟ್ ಅಂತ ಮುರಿದು ಕೈಗೆ ಬಂತು. ಬೇರಿನ ತುದಿ ಮಣ್ಣಲ್ಲೇ ಉಳಿಯಿತು. ಸಣ್ಣ ಬೇರುಗಳು ಒಂದೂ ಇರಲಿಲ್ಲ. ಬುಡದ ತೊಗಟೆ ಉಗುರಿನಿಂದ ಕೆರೆದರೆ ಸುಲಿಯಿತು. ಅದರ ಅಡಿಯಲ್ಲಿ ಇದ್ದಿಲ ಪುಡಿ ಉದುರಿಸಿದ ಹಾಗೆ ಸಣ್ಣ ಸಣ್ಣ ಕಪ್ಪು ಚುಕ್ಕಿಗಳಿದ್ದವು.

ಒಂದೇ ಹೊಲ, ಆದರೆ ಎರಡು ರೋಗ. ನಮ್ಮ ಕಲಬುರಗಿ ಸೀಮೆಯಲ್ಲಿ ಎರಡಕ್ಕೂ "ನೆಟೆ ಹೋಯ್ತು" ಅಂತಲೇ ಹೇಳುತ್ತೇವೆ. ಆಯ್ಕೆ ತಪ್ಪುವುದು ಅಲ್ಲೇ. ಒಂದಕ್ಕೆ ಕೆಲಸ ಮಾಡುವ ಉಪಾಯ ಇನ್ನೊಂದಕ್ಕೆ ಮಾಡುವುದಿಲ್ಲ. ಒಂದು ವಿಷಯದಲ್ಲಂತೂ ತದ್ವಿರುದ್ಧ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಯಾವ ರೋಗ ಅಂತ ನೋಡಿ

ಮೊದಲ ಗಿಡಕ್ಕೆ ಬಂದದ್ದು ನಿಜವಾದ ಸೊರಗು ರೋಗ. ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರದ ಕೆಲಸ. ಇದು ಹೊಸದೇನಲ್ಲ. 1906ರಲ್ಲೇ ಬಟ್ಲರ್ ಎಂಬ ವಿಜ್ಞಾನಿ ತೊಗರಿಯ ಈ ರೋಗವನ್ನು ನಮ್ಮ ದೇಶದಲ್ಲಿ ಗುರುತಿಸಿ ಬರೆದಿದ್ದ. ಶಿಲೀಂಧ್ರ ಬೇರಿನಿಂದ ಒಳಹೊಕ್ಕು ನೀರು ಏರುವ ನಾಳಗಳನ್ನು ಕಟ್ಟಿಬಿಡುತ್ತದೆ. ನೆಲದಲ್ಲಿ ತೇವ ಇದ್ದರೂ ಗಿಡ ಬಾಯಾರಿ ಸಾಯುತ್ತದೆ. ಎಷ್ಟೋ ಸಲ ಅರ್ಧ ಗಿಡ ಹಸಿರು, ಅರ್ಧ ಗಿಡ ಒಣಗು ಇರುತ್ತದೆ. ಹಳೆಯ ಕೂಳೆಯಲ್ಲಿ ಈ ಶಿಲೀಂಧ್ರ ಮೂರು ವರ್ಷ ಆರಾಮಾಗಿ ಬದುಕುತ್ತದೆ. ಆದರೆ ಇದಕ್ಕೆ ಬೇಕಾದ ಬೆಳೆ ತೊಗರಿಯೇ. ಈ ಮಾತು ನೆನಪಿರಲಿ.

ಎರಡನೇ ಗಿಡಕ್ಕೆ ಬಂದದ್ದು ಒಣ ಬೇರು ಕೊಳೆ. ಮ್ಯಾಕ್ರೊಫೊಮಿನಾ ಎಂಬ ಬೇರೆಯದೇ ಶಿಲೀಂಧ್ರ. ಇದಕ್ಕೆ ಬಿಸಿಲು, ಬರ ಎರಡೂ ಹಬ್ಬ. ನೆಲದ ತೇವ ಆರಿ, 30 ಡಿಗ್ರಿ ದಾಟಿದ ಬಿಸಿಲಿನಲ್ಲಿ ಗಿಡ ಕಾಯಿ ಕಟ್ಟಲು ಒದ್ದಾಡುವಾಗ ಎರಗುತ್ತದೆ. ಇದು ತಿನ್ನದ ಬೆಳೆ ಹುಡುಕುವುದೇ ಕಷ್ಟ. 500ಕ್ಕೂ ಹೆಚ್ಚು ಜಾತಿಯ ಸಸ್ಯಗಳ ಮೇಲೆ ಬದುಕುತ್ತದೆ. ಹೆಸರು, ಉದ್ದು, ಸೋಯಾ, ಸೂರ್ಯಕಾಂತಿ, ಜೋಳ ಎಲ್ಲವೂ ಆ ಪಟ್ಟಿಯಲ್ಲಿವೆ.

ಇನ್ನೆರಡು ಇವೆ, ಬೇಗ ಹೇಳಿಬಿಡುತ್ತೇನೆ. ಬಿತ್ತಿದ ಒಂದು ತಿಂಗಳೊಳಗೆ ಸಸಿ ಬಿದ್ದು, ಬುಡದಲ್ಲಿ ಬಿಳಿ ಹತ್ತಿಯಂಥ ಬೂಷ್ಟು, ಸಾಸಿವೆ ಕಾಳಿನಂಥ ಗುಂಡುಗಳು ಕಂಡರೆ ಅದು ಬುಡ ಕೊಳೆ. ಕೊಳೆಯದ ಹಸಿ ಗೊಬ್ಬರ ಹಾಕಿದ ಹೊಲಕ್ಕೆ ಜಾಸ್ತಿ. ಜುಲೈ, ಆಗಸ್ಟಿನಲ್ಲಿ ನೀರು ನಿಂತ ತಗ್ಗಿನಲ್ಲಿ ಕಾಂಡದ ಮೇಲೆ ಕಪ್ಪು ಮಚ್ಚೆ ಬಂದು, ಅಲ್ಲೇ ಗಿಡ ಮುರಿದು ಬಿದ್ದರೆ ಅದು ಫೈಟಾಫ್ತೊರಾ ಮಚ್ಚೆ ರೋಗ. ಇದು ಶಿಲೀಂಧ್ರದ ಹಾಗೆ ಕಂಡರೂ ಬೇರೆ ಕುಲ. ಅಂಗಡಿಯಲ್ಲಿ ಸಾಮಾನ್ಯವಾಗಿ ಕೊಡುವ ಕಾರ್ಬೆಂಡಜಿಮ್ ಇದಕ್ಕೆ ಏನೂ ಮಾಡುವುದಿಲ್ಲ. ಮೆಟಲಾಕ್ಸಿಲ್ ಇರುವ ಔಷಧಿಯೇ ಬೇಕು. ಅದಕ್ಕಿಂತ ಮೊದಲು ನೀರು ಹೋಗಲು ದಾರಿ ಬೇಕು.

ಕಡಿಮೆ ಖರ್ಚಿನ ಆಯ್ಕೆ ತಳಿ. ಆದರೆ ಯಾವ ತಳಿ?

ಸೊರಗು ರೋಗಕ್ಕೆ ತಳಿಗಿಂತ ದೊಡ್ಡ ಔಷಧಿ ಇಲ್ಲ. ಇದರಲ್ಲಿ ನನಗೆ ಅನುಮಾನ ಇಲ್ಲ. ಬೀಜ ಹೇಗಿದ್ದರೂ ಕೊಳ್ಳುತ್ತೀರಿ, ರೋಗ ತಡೆಯುವ ಬೀಜಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ.

ನಮ್ಮ ಕಡೆ ಇದನ್ನು ಮೊದಲು ತೋರಿಸಿಕೊಟ್ಟದ್ದು ಮಾರುತಿ, ಅಂದರೆ ಐಸಿಪಿ 8863. ಹೈದರಾಬಾದ್ ಹತ್ತಿರದ ಪಟಾಂಚೆರುವಿನಲ್ಲಿರುವ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಆಯ್ದು ತೆಗೆದ ತಳಿ. ಕರ್ನಾಟಕದಲ್ಲಿ 1986ರಲ್ಲಿ ಬಿಡುಗಡೆಯಾಯಿತು. ಸೊರಗನ್ನು ಚೆನ್ನಾಗಿ ತಡೆಯಿತು. ಆದರೆ ಗೊಡ್ಡು ರೋಗ ಬಂದರೆ ಸೋತಿತು. ಗಿಡ ಹಸಿರಾಗಿ ಪೊದೆಯಂತೆ ಬೆಳೆಯುತ್ತದೆ, ಹೂವೇ ಇಲ್ಲ, ಅಂಥ ರೋಗ ಅದು. ಆಮೇಲೆ 1993ರಲ್ಲಿ ಬಂದ ಆಶಾ, ಅಂದರೆ ಐಸಿಪಿಎಲ್ 87119, ಎರಡನ್ನೂ ತಡೆಯುತ್ತದೆ. ಮಹಾರಾಷ್ಟ್ರದ ಬದನಾಪುರದ ಬಿಎಸ್‌ಎಂಆರ್-736 ಕೂಡ ಹಾಗೆಯೇ. ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಿಂದ ಬಂದ ಟಿಎಸ್-3ಆರ್ ಸೊರಗು ತಡೆಯುತ್ತದೆ, ಬೇಗ ಬರುತ್ತದೆ. ಜಿಆರ್‌ಜಿ-811 ಅದೇ ಕೇಂದ್ರದ ಇನ್ನೊಂದು ತಳಿ.

ಹಾಗಾದರೆ ಸೊರಗು, ಗೊಡ್ಡು ಎರಡೂ ತಡೆಯುವ ಆಶಾ ಬಿತ್ತಿದರೆ ಮುಗಿಯಿತಲ್ವಾ? ಇಲ್ಲ. ಆಶಾ ಹೊಲದಲ್ಲಿ ಆರು ತಿಂಗಳಿಗೂ ಮೇಲೆ ನಿಲ್ಲುತ್ತದೆ. ಆಳವಾದ ಎರೆ ಭೂಮಿಯಲ್ಲಿ ತೇವ ಅಷ್ಟು ದಿನ ಸಿಗುತ್ತದೆ. ಮೊಣಕಾಲುದ್ದ ಮಣ್ಣು, ಅದರ ಕೆಳಗೆ ಗರಸು ಇರುವ ಮಡ್ಡಿ ಹೊಲದಲ್ಲಿ ಡಿಸೆಂಬರ್ ಹೊತ್ತಿಗೆ ತೇವ ಮುಗಿದಿರುತ್ತದೆ. ಆಗ ಸೊರಗಿನಿಂದ ಉಳಿದ ಗಿಡವನ್ನು ಒಣ ಬೇರು ಕೊಳೆ ತಿನ್ನುತ್ತದೆ. ಅಂಥ ಹೊಲಕ್ಕೆ ಟಿಎಸ್-3ಆರ್‌ನಂಥ ಸುಮಾರು ಐದು ತಿಂಗಳ ತಳಿ ಮೇಲು. ಅದೇನು ಕೊಳೆಯನ್ನು ತಡೆಯುವುದಿಲ್ಲ. ಕೊಳೆ ಜೋರಾಗುವ ಮುನ್ನ ಕಾಳು ಗಟ್ಟಿ ಮಾಡಿಕೊಳ್ಳುತ್ತದೆ, ಅಷ್ಟೇ.

ನನಗೆ ಇದು ಗೊತ್ತಾದದ್ದು ಪೆಟ್ಟು ತಿಂದ ಮೇಲೆ. 2022ರ ಮುಂಗಾರಿನಲ್ಲಿ ನಮ್ಮ ನಾಲ್ಕು ಎಕರೆಗೆ ಹಾಕಿದ್ದು ಸೊರಗು ತಡೆಯುವ ತಳಿಯೇ. ಮಳೆಗಾಲದಲ್ಲಿ ಹೊಲ ಕೆಸರಾಗಿತ್ತು. ಬೇರು ಕೆಳಗಿಳಿಯಲೇ ಇಲ್ಲ. ಆಮೇಲೆ ಒಮ್ಮೆಲೆ ಮಳೆ ನಿಂತು ನೆಲ ಬಿರುಕು ಬಿಟ್ಟಿತು. ಕಾಯಿ ತುಂಬುವ ಹೊತ್ತಿಗೆ ಎರಡು ಎಕರೆ ಕಟ್ಟಿಗೆ ಆಗಿತ್ತು. "ನಿರೋಧಕ ತಳಿ ಅಂದ್ರಲ್ಲ, ಮೋಸ" ಅಂತ ಬೈದೆ. ಬೇರು ಕಿತ್ತು ನೋಡಿದ್ದರೆ ಬೈಯುತ್ತಿರಲಿಲ್ಲ. ತಳಿ ತಾನು ತಡೆಯಬೇಕಾದ ರೋಗವನ್ನು ತಡೆದಿತ್ತು. ಬಂದದ್ದೇ ಬೇರೆ ರೋಗ. ಆ ವರ್ಷ ಕಲಬುರಗಿ, ಬೀದರ್, ಯಾದಗಿರಿ, ವಿಜಯಪುರ ಎಲ್ಲ ಕಡೆ ಇದೇ ಗೋಳು. ಸರ್ಕಾರ ಹೆಕ್ಟೇರಿಗೆ 10,000 ರೂಪಾಯಿ ಪರಿಹಾರ ಅಂತ ಹೇಳಿತು. ಎಕರೆಗೆ ಲೆಕ್ಕ ಹಾಕಿದರೆ 4,000.

ತಳಿಯ ವಿಷಯದಲ್ಲಿ ಇನ್ನೊಂದು ಮಾತು. ಫ್ಯುಸೇರಿಯಂ ಎಲ್ಲ ಊರಲ್ಲೂ ಒಂದೇ ಥರ ಇಲ್ಲ, ಅದರಲ್ಲೂ ಒಳಜಾತಿಗಳಿವೆ. ಬೇರೆ ರಾಜ್ಯದಲ್ಲಿ ನಿಂತ ತಳಿ ನಿಮ್ಮ ಹೊಲದಲ್ಲಿ ಬೀಳಬಹುದು. ಅದಕ್ಕೇ ಯಾರೋ ವಿಡಿಯೊದಲ್ಲಿ ಹೇಳಿದ ತಳಿಗಿಂತ ನಿಮ್ಮ ಊರಿನ ಸುತ್ತ ಎರಡು ಮೂರು ವರ್ಷ ನಿಂತಿರುವ ತಳಿಯನ್ನು ನಂಬಿ. ಒಣಗಿದ ಹೊಲದಿಂದ ಮಾತ್ರ ಬೀಜ ಇಟ್ಟುಕೊಳ್ಳಬೇಡಿ.

ಬೀಜೋಪಚಾರ: ಎರಡು ಪೊಟ್ಟಣ

ಮುಂಗಾರು ಬಂದಾಗ ಅಂಗಡಿಯ ಮುಂದೆ ಎರಡು ಪೊಟ್ಟಣ ಇರುತ್ತವೆ. ಒಂದು ರಾಸಾಯನಿಕ, ಕಾರ್ಬಾಕ್ಸಿನ್ ಮತ್ತು ಥೈರಮ್ ಬೆರೆತದ್ದು ಅಥವಾ ಕಾರ್ಬೆಂಡಜಿಮ್. ಕಿಲೋ ಬೀಜಕ್ಕೆ 2ರಿಂದ 3 ಗ್ರಾಂ. ಇನ್ನೊಂದು ಟ್ರೈಕೋಡರ್ಮಾ, ಕಿಲೋ ಬೀಜಕ್ಕೆ 4 ಗ್ರಾಂ. ಎಕರೆಗೆ ಬೇಕಾಗುವ ಬೀಜವೇ ಐದು ಕಿಲೋದ ಆಸುಪಾಸು. ಅಂದರೆ ಯಾವುದು ತಂದರೂ ಖರ್ಚು ಕೈಗೆ ಹತ್ತುವುದಿಲ್ಲ.

ರಾಸಾಯನಿಕ ಪುಡಿ ಬೀಜಕ್ಕೆ, ಮೊಳಕೆಗೆ ಕಾವಲು. ಮೂರು ನಾಲ್ಕು ವಾರ ಅದರ ಕೆಲಸ ಇರುತ್ತದೆ. ಬುಡ ಕೊಳೆ ಬರುವ ಹೊಲ ಆದರೆ ಇದೇ ಸರಿ. ಆದರೆ ನೂರೈವತ್ತು ದಿನ ನಿಲ್ಲುವ ಬೆಳೆಗೆ ಮೊದಲ ತಿಂಗಳ ಕಾವಲು ಕೊಟ್ಟು, ನವೆಂಬರಿನಲ್ಲಿ "ಬೀಜೋಪಚಾರ ಮಾಡಿದ್ದೆ, ಆದ್ರೂ ಒಣಗ್ತು" ಅಂದರೆ ಪುಡಿಯ ತಪ್ಪಲ್ಲ.

ಟ್ರೈಕೋಡರ್ಮಾ ಜೀವ ಇರುವ ಶಿಲೀಂಧ್ರ. ಅದೇ ಅದರ ಗುಣ, ಅದೇ ಅದರ ತೊಂದರೆ. ಮಣ್ಣಲ್ಲಿ ತೇವ, ತಿನ್ನಲು ಗೊಬ್ಬರ ಸಿಕ್ಕರೆ ಬೇರಿನ ಸುತ್ತ ಬೆಳೆದು ಕೆಟ್ಟ ಶಿಲೀಂಧ್ರವನ್ನು ತಳ್ಳುತ್ತದೆ. ಒಣ ನೆಲಕ್ಕೆ ಸುಮ್ನೆ ಎರಚಿದರೆ ಬಿಸಿಲಿಗೆ ಸಾಯುತ್ತದೆ. ಕೊಳ್ಳುವಾಗ ಪೊಟ್ಟಣದ ತಯಾರಿಕೆ ತಾರೀಖು ನೋಡಿ. ನಾಲ್ಕಾರು ತಿಂಗಳು ದಾಟಿದ್ದು, ಅಂಗಡಿಯ ತಗಡಿನ ಕೆಳಗೆ ಬೇಯುತ್ತಾ ಬಿದ್ದದ್ದು ಆದರೆ ನೀವು ಕೊಳ್ಳುವುದು ಬರೀ ಬಿಳಿ ಪುಡಿ.

ಕೆಲವರು ಜಾಣತನಕ್ಕೆ ಎರಡನ್ನೂ ಒಂದೇ ಬುಟ್ಟಿಯಲ್ಲಿ ಕಲಸುತ್ತಾರೆ. ಕಾರ್ಬೆಂಡಜಿಮ್ ಟ್ರೈಕೋಡರ್ಮಾವನ್ನೂ ಕೊಲ್ಲುತ್ತದೆ. ಎರಡೂ ಬೇಕಾದರೆ ಬೀಜಕ್ಕೆ ರಾಸಾಯನಿಕ, ಮಣ್ಣಿಗೆ ಟ್ರೈಕೋಡರ್ಮಾ ಅಂತ ಬೇರೆ ಮಾಡಿ. ನಾನು ಈಗ ಮಾಡುವುದು ಹೀಗೆ. ಎಕರೆಗೆ ಒಂದು ಕಿಲೋ ಟ್ರೈಕೋಡರ್ಮಾ, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಸುಮಾರು ಒಂದು ಕ್ವಿಂಟಲ್. ಬೇವಿನ ಮರದ ನೆರಳಲ್ಲಿ ಕಲಸಿ, ನೀರು ಚಿಮುಕಿಸಿ, ಹಸಿ ಗೋಣಿಚೀಲ ಮುಚ್ಚುತ್ತೇನೆ. ಮೂರು ನಾಲ್ಕು ದಿನಕ್ಕೊಮ್ಮೆ ತಿರುವಿ ಹಾಕಬೇಕು. ಹತ್ತು ಹದಿನೈದು ದಿನಕ್ಕೆ ಗೊಬ್ಬರದ ಮೇಲೆ ಹಸಿರು ಬೂಷ್ಟು ಹಬ್ಬುತ್ತದೆ. ಅದು ಕಂಡರೆ ಮಾಲು ಜೀವಂತ ಇತ್ತು ಅಂತ ಅರ್ಥ. ಮಳೆ ಬಿದ್ದು ನೆಲ ಹಸಿ ಇದ್ದಾಗ, ಕೊನೆಯ ಕುಂಟೆಗೆ ಮುಂಚೆ ಚೆಲ್ಲುತ್ತೇನೆ. ತಳಿ ಸೋಲುವ ಹೊಲವನ್ನು ಇದೊಂದೇ ಗೆಲ್ಲಿಸುವುದಿಲ್ಲ. ತಳಿಯ ಜೊತೆಗೆ ಒಂದು ಕೈ ಸಹಾಯ ಅಂತ ನೋಡಿದರೆ ಸರಿ.

ಅಂದಹಾಗೆ ಬೀಜಕ್ಕೆ ರೈಜೋಬಿಯಂ (ಗಾಳಿಯ ಸಾರಜನಕವನ್ನು ಬೇರಿಗೆ ಹಿಡಿದುಕೊಡುವ ಸೂಕ್ಷ್ಮಜೀವಿ) ಹಚ್ಚುವವರು ಅದನ್ನು ಎಲ್ಲದರ ಕೊನೆಗೆ ಹಚ್ಚಿ, ನೆರಳಲ್ಲಿ ಒಣಗಿಸಿ, ಅದೇ ದಿನ ಬಿತ್ತಿಬಿಡಿ.

ಒಣಗಿದ ಮೇಲೆ ಬುಡಕ್ಕೆ ಔಷಧಿ ಸುರಿಯುವುದು

ಎಲ್ಲರೂ ಕೇಳುವುದು ಇದನ್ನೇ. ಕಾಕಾ ಕೇಳಿದ್ದೂ ಇದನ್ನೇ. 2022ರಲ್ಲಿ ನಾನೂ ಒಬ್ಬ ಅಂಗಡಿಯವರ ಮಾತು ಕೇಳಿ ಎರಡು ಬಗೆಯ ಪುಡಿ ತಂದೆ. ಮನೆಗೆ ಬಂದು ಲೆಕ್ಕ ಹಾಕಿದೆ.

ಸಾಲಿನಿಂದ ಸಾಲಿಗೆ 90 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 30. ಎಕರೆಗೆ ಹತ್ತಿರ ಹತ್ತಿರ 15,000 ಗಿಡ. ಬುಡ ನೆನೆಯಬೇಕಾದರೆ ಗಿಡಕ್ಕೆ ಅರ್ಧ ಲೀಟರ್ ಆದರೂ ಬೇಕು. ಎಕರೆಗೆ 7,500 ಲೀಟರ್ ನೀರು, ಅಂದರೆ ದೊಡ್ಡದೊಂದು ಟ್ಯಾಂಕರ್. ಲೀಟರಿಗೆ ಒಂದು ಗ್ರಾಂ ಅಂದರೂ ಏಳೂವರೆ ಕಿಲೋ ಔಷಧಿ. ಅದನ್ನು ಎದೆಮಟ್ಟ ಬೆಳೆದ ತೊಗರಿಯ ಸಾಲಿನಲ್ಲಿ ಬಿಂದಿಗೆ ಹಿಡಿದು ಸುರಿಯುವವರು ಯಾರು? ಅಷ್ಟು ಮಾಡಿದರೂ ಒಳಗೆ ನಾಳ ಕಟ್ಟಿದ ಗಿಡ ಏಳುವುದಿಲ್ಲ.

ಪಂಪಿನಿಂದ ಎಲೆಯ ಮೇಲೆ ಹೊಡೆದರೆ ಇನ್ನೂ ವ್ಯರ್ಥ. ರೋಗ ಇರುವುದು ಬೇರಿನಲ್ಲಿ.

ಹಾಗಂತ ಬುಡಕ್ಕೆ ಸುರಿಯುವುದಕ್ಕೆ ಜಾಗವೇ ಇಲ್ಲ ಅಂತಲ್ಲ. ಒಣಗುವುದು ಈಗಷ್ಟೇ ಶುರುವಾಗಿ, ಹತ್ತಿಪ್ಪತ್ತು ಗಿಡದ ಒಂದು ಗುಂಪು ಮಾತ್ರ ಇದ್ದರೆ, ಆ ಗಿಡ ಕಿತ್ತು ಸುಟ್ಟು, ಸುತ್ತಲಿನ ಒಂದೆರಡು ಸಾಲಿನ ಬುಡಕ್ಕೆ ಸುರಿಯಬಹುದು. ಬೀದರ್ ಕಡೆ ಚೀಲದಲ್ಲಿ ಸಸಿ ಬೆಳೆಸಿ ನೆಡುವ ನಾಟಿ ತೊಗರಿಯಲ್ಲೂ ಇದು ನಡೆಯುತ್ತದೆ. ಐದು ಅಡಿ, ಮೂರು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ 2,900 ಗಿಡ ಮಾತ್ರ. ಸಸಿ ಚೀಲದ ಮಣ್ಣಿಗೇ ಟ್ರೈಕೋಡರ್ಮಾ ಕಲಸಬಹುದು, ಬೇಕಾದರೆ ಒಂದೊಂದು ಗಿಡವನ್ನೂ ನೋಡಿಕೊಳ್ಳಬಹುದು. ಆದರೆ ಸಸಿ ಬೆಳೆಸುವ ಖರ್ಚು, ನೆಡುವ ಆಳು, ನೆಟ್ಟ ದಿನ ಕೊಡಲು ನೀರು ಎಲ್ಲ ಕೈಯಲ್ಲಿರಬೇಕು. ನೀರಿಲ್ಲದವರು ಆಸೆಪಡುವುದು ಬೇಡ.

ಜೋಳ: ಒಂದಕ್ಕೆ ಮದ್ದು, ಇನ್ನೊಂದಕ್ಕೆ ಊಟ

ಮೊದಲೇ ಹೇಳಿದ ತದ್ವಿರುದ್ಧ ಇದೇ.

ಸೊರಗಿನ ಶಿಲೀಂಧ್ರಕ್ಕೆ ತೊಗರಿಯೇ ಬೇಕು. ಒಂದು ವರ್ಷ ಆ ಹೊಲಕ್ಕೆ ಜೋಳ ಹಾಕಿದರೆ ಅದು ಪೂರ್ತಿ ಸಾಯದಿದ್ದರೂ ಉಪವಾಸ ಬಿದ್ದು ಕುಗ್ಗುತ್ತದೆ. ತೊಗರಿಯ ಸಾಲುಗಳ ನಡುವೆ ಜೋಳ ಬಿತ್ತಿದರೂ ಸೊರಗು ಕಡಿಮೆಯಾಗುತ್ತದೆ ಅನ್ನುವುದನ್ನು ಇಕ್ರಿಸ್ಯಾಟ್‌ನವರು 1980ರ ದಶಕದಲ್ಲೇ ಹೊಲದಲ್ಲಿ ನೋಡಿ ಹೇಳಿದ್ದಾರೆ. ನಮ್ಮ ಅಜ್ಜಂದಿರು ಜೋಳ, ತೊಗರಿ ಅಕ್ಕಡಿ ಬಿತ್ತುತ್ತಿದ್ದದ್ದು ರೊಟ್ಟಿಗೂ ಆಯಿತು, ರೋಗಕ್ಕೂ ಆಯಿತು.

ಆದರೆ ಮ್ಯಾಕ್ರೊಫೊಮಿನಾಗೆ ಜೋಳವೂ ಊಟ. ಹಿಂಗಾರಿ ಜೋಳದ ದಂಟು ಬರದಲ್ಲಿ ಬುಡದ ಹತ್ತಿರ ಟೊಳ್ಳಾಗಿ ಮುರಿದು ಬೀಳುತ್ತದಲ್ಲ, ಸೀಳಿದರೆ ಒಳಗೆ ಇದ್ದಿಲ ಪುಡಿ? ಅದೂ ಇದೇ ಶಿಲೀಂಧ್ರದ ಕೆಲಸ. ಅಂದರೆ ಒಣ ಬೇರು ಕೊಳೆ ಇರುವ ಮಡ್ಡಿ ಹೊಲಕ್ಕೆ "ಬೆಳೆ ಬದಲಿಸಿ" ಅಂತ ಜೋಳ ಹಾಕಿಸಿದರೆ ಮಣ್ಣಲ್ಲಿ ಆ ಶಿಲೀಂಧ್ರದ ಬೀಜ ಕಡಿಮೆಯಾಗುವುದಿಲ್ಲ. ಇಂಥ ಹೊಲಕ್ಕೆ ಬೆಳೆ ಬದಲಾವಣೆಗಿಂತ ತೇವ ಹಿಡಿಯುವುದು ಮುಖ್ಯ. ವರ್ಷ ವರ್ಷ ಒಂದಿಷ್ಟು ಗೊಬ್ಬರ, ಇಳಿಜಾರಿಗೆ ಅಡ್ಡಲಾಗಿ ಬಿತ್ತನೆ, ಗಿಡ ದಟ್ಟವಾಗದಂತೆ ಅಂತರ. ಕೃಷಿ ಹೊಂಡ ಇದ್ದರೆ ಹೂವಿನಿಂದ ಕಾಯಿಗೆ ತಿರುಗುವಾಗ ಒಂದು ತೆಳು ನೀರು. ಆ ಒಂದು ನೀರು ಯಾವ ಪುಡಿಗಿಂತಲೂ ಮೇಲು. ತೆಳು ಅಂದರೆ ತೆಳುವೇ. ಎರೆ ಭೂಮಿಯಲ್ಲಿ ನೀರು ನಿಲ್ಲಿಸಿದರೆ ಇನ್ನೊಂದು ರೋಗವನ್ನು ಕರೆದ ಹಾಗೆ.

ಮಾಗಿ ಉಳುಮೆ ಮಾತ್ರ ಎರಡಕ್ಕೂ ಒಳ್ಳೆಯದು. ಬೇಸಿಗೆಯಲ್ಲಿ ಆಳಕ್ಕೆ ಉತ್ತು ಹೆಂಟೆ ಬಿಸಿಲಿಗೆ ಬಿಟ್ಟರೆ ಮೇಲ್ಮಣ್ಣಿನ ರೋಗ ಕುಗ್ಗುತ್ತದೆ. ಉತ್ತಾಗ ಮೇಲೆದ್ದ ಕೂಳೆ ಆಯ್ದು ಸುಡಬೇಕು. ಈಗ ಮಷಿನ್ ರಾಶಿ ಬಂದ ಮೇಲೆ ಕೂಳೆ ಉದ್ದಕ್ಕೆ ಉಳಿಯುತ್ತದೆ, ಯಾರೂ ಆಯುವುದಿಲ್ಲ. ಟ್ರ್ಯಾಕ್ಟರ್ ಟೈರಿಗೆ ಚುಚ್ಚಿದಾಗಷ್ಟೇ ನೆನಪಾಗುತ್ತದೆ. ಪ್ಲಾಸ್ಟಿಕ್ ಹಾಳೆ ಹಾಸಿ ನೆಲ ಬೇಯಿಸುವ ಉಪಾಯವೂ ಒಂದಿದೆ. ಸಸಿಮಡಿಗೆ ಸರಿ, ಹತ್ತು ಎಕರೆ ತೊಗರಿಗೆ ಹಾಸುವವರನ್ನು ನಾನು ನೋಡಿಲ್ಲ.

ಕಡಲೆ ಬಿತ್ತುವವರಿಗೆ

ಕಡಲೆಯ ಸಿಡಿ ರೋಗವೂ ಫ್ಯುಸೇರಿಯಂನಿಂದಲೇ, ಆದರೆ ತೊಗರಿಯದು ಬೇರೆ, ಇದು ಬೇರೆ. ಇಲ್ಲೂ ತಳಿಯೇ ಮೊದಲು. ಹಳೆಯ ಅಣ್ಣಿಗೇರಿ-1ರ ರುಚಿ, ಇಳುವರಿ ಬಿಡಲಾಗದವರಿಗೆ ಅದಕ್ಕೇ ಸಿಡಿ ತಡೆಯುವ ಗುಣ ಸೇರಿಸಿದ ಸೂಪರ್ ಅಣ್ಣಿಗೇರಿ-1 ಇದೆ. ಜೆಜಿ-11 ಹೇಗೂ ಎಲ್ಲರ ಹೊಲದಲ್ಲಿದೆ. ಒಣ ಬೇರು ಕೊಳೆಗೆ ಮಾತ್ರ ಕಡಲೆಯಲ್ಲೂ ಗಟ್ಟಿಯಾಗಿ ನಿಲ್ಲುವ ತಳಿ ಇಲ್ಲ. ಬಿತ್ತನೆ ತಡವಾದಷ್ಟೂ ಕಾಯಿ ಕಟ್ಟುವ ಹೊತ್ತಿಗೆ ನೆಲ ಒಣಗಿ, ಬಿಸಿಲು ಏರಿರುತ್ತದೆ. ಅದಕ್ಕೆ ಅಕ್ಟೋಬರ್ ದಾಟಿಸಬೇಡಿ.

ಕಾಕಾ ಏನು ಮಾಡಿದರು

ಅವರದು ಆರು ಎಕರೆ. ಹಳ್ಳದ ಕಡೆ ಆಳವಾದ ಎರೆ, ಮೇಲುಗಡೆ ಎರಡು ಎಕರೆ ಮಡ್ಡಿ. ಅವತ್ತು ಇಬ್ಬರೂ ಸೇರಿ ಹೊಲ ಸುತ್ತಿ, ಬೇರೆ ಬೇರೆ ಕಡೆ ಒಣಗಿದ ಗಿಡ ಇಪ್ಪತ್ತು ಕಿತ್ತೆವು. ಎರೆಯಲ್ಲಿ ಬಹಳಷ್ಟು ನೇರಳೆ ಪಟ್ಟಿಯವು. ಮಡ್ಡಿಯಲ್ಲಿ ಕಿತ್ತದ್ದೆಲ್ಲ ಪಟ್ ಅಂತ ಮುರಿದವು.

ಎಣ್ಣಿ ತರುವುದು ಬಿಟ್ಟರು. ಎರೆಯಲ್ಲಿ ಕಾಯಿ ಆಗಲೇ ಬಲಿತಿದ್ದವು. ಕಾಯಿ ಕಟ್ಟುವ ಮುಂಚೆ ಸೊರಗು ಬಂದರೆ ಗಿಡವೆಲ್ಲ ಹೋಗುತ್ತದೆ. ಕಟಾವಿನ ಹತ್ತಿರ ಬಂದರೆ ನಷ್ಟ ಮೂರರಲ್ಲೊಂದು ಪಾಲಿನ ಆಸುಪಾಸು. ಹಾಗಾಗಿ ಇದ್ದ ಕಾಳು ಉಳಿಸಿಕೊಂಡು, ಒಣಗಿದ ಪಟ್ಟಾದ ನಾಲ್ಕು ಮೂಲೆಗೆ ಒಂದೊಂದು ಕಲ್ಲು ನೆಟ್ಟರು. ರಾಶಿ ಆದ ಮೇಲೆ ಗುರುತು ಸಿಗಬೇಕಲ್ಲ.

ಮುಂದಿನ ವರ್ಷ ಎರೆಯ ನಾಲ್ಕು ಎಕರೆಯಲ್ಲಿ ಕಲ್ಲಿನೊಳಗಿನ ಪಟ್ಟಾಕ್ಕೆ ಬರೀ ಜೋಳ ಬಿತ್ತಿದರು. ಉಳಿದ ಎರೆಗೆ ಸೊರಗು, ಗೊಡ್ಡು ಎರಡೂ ತಡೆಯುವ ತಳಿ, ಜೊತೆಗೆ ಗೊಬ್ಬರದಲ್ಲಿ ಬೆಳೆಸಿದ ಟ್ರೈಕೋಡರ್ಮಾ. ಮಡ್ಡಿಗೆ ಬೇಗ ಬರುವ ತೊಗರಿ, ಎರಡು ಬಂಡಿ ಗೊಬ್ಬರ ಜಾಸ್ತಿ. ಕಾಕಿಗೆ ಇದರಲ್ಲಿ ಒಂದೇ ತಕರಾರು. ಟ್ರೈಕೋಡರ್ಮಾ ಕಲಸಿದ ಗೊಬ್ಬರದ ಮೇಲೆ ಮುಚ್ಚಲು ಕಾಕಾ ಒಯ್ದದ್ದು ಮನೆಯ ಜೋಳ ತುಂಬುವ ಚೀಲಗಳಂತೆ, ಒಂದೂ ವಾಪಸ್ ಬಂದಿಲ್ಲವಂತೆ.